ಟೆಕ್ನಿಕಲ್ ಕೆಲಸಕ್ಕೆ ಟೈಮ್‌ಲೈನ್ ರೆಸ್ಯೂಮೆ: ಗೆರೆ ಎಳೆಯುವ ಮುಂಚೆ ಏನೇನು ನೋಡಬೇಕು?

ಮಲೆನಾಡು_ಫರ್ಮ್‌ವೇರ್

ಎಲ್ಲರಿಗೂ ನಮಸ್ಕಾರ. ತಿದ್ದುತ್ತಿರುವ ರೆಸ್ಯೂಮೆಯ ವಿವರ ಹೀಗಿದೆ:

2013 ಜುಲೈ – 2016 ನವೆಂಬರ್: ಮೊದಲ ಕಂಪನಿ, ಫರ್ಮ್‌ವೇರ್ (ಯಂತ್ರದೊಳಗೇ ಇರುವ ತಂತ್ರಾಂಶ). ಆ ಕಂಪನಿ ಆಮೇಲೆ ಬೇರೊಂದರ ಜೊತೆ ವಿಲೀನವಾಗಿದೆ.
2016 ಡಿಸೆಂಬರ್ – 2021 ಆಗಸ್ಟ್: ಎರಡನೇ ಕಂಪನಿ. ಒಳಗೇ ಎರಡು ಬಡ್ತಿ, ಅಂದರೆ ಮೂರು ಹುದ್ದೆ.
2021 ಸೆಪ್ಟೆಂಬರ್ – 2023 ಫೆಬ್ರವರಿ: 18 ತಿಂಗಳ ಬಿಡುವು, ಮನೆಯಲ್ಲಿ ಹಿರಿಯರ ಆರೈಕೆ.
2023 ಮಾರ್ಚ್‌ನಿಂದ: ಮೂರನೇ ಕಂಪನಿ, ಕ್ಲೌಡ್ ಬ್ಯಾಕೆಂಡ್ (ಇಂಟರ್ನೆಟ್ ಸರ್ವರ್‌ಗಳಲ್ಲಿ ಓಡುವ ತಂತ್ರಾಂಶ).

ಎಡಕ್ಕೆ ಉದ್ದ ಗೆರೆ, ಅದರ ಮೇಲೆ ಚುಕ್ಕಿ, ಪಕ್ಕದಲ್ಲಿ ವರ್ಷ ಇರುವ ವಿನ್ಯಾಸ ಇಷ್ಟವಾಗಿದೆ. ಫರ್ಮ್‌ವೇರ್‌ನಿಂದ ಕ್ಲೌಡ್‌ಗೆ ಬಂದ ದಾರಿ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಕೆಲಸಕ್ಕೆ ಅರ್ಜಿ ಹಾಕುವ ಪೋರ್ಟಲ್‌ಗೆ ಹಾಕಿದರೆ ಎಲ್ಲ ಕಲಸಿಹೋಗುತ್ತದೆ ಅಂತಾರೆ. ಈ ವಿನ್ಯಾಸ ಹಿಡಿಯಬಹುದಾ? ಹಿಡಿದರೆ ಹೇಗೆ ಕಟ್ಟಬೇಕು?

ನೇಮಕಾತಿ_ಮೇಜು

ಮೊದಲು ಟೈಮ್‌ಲೈನ್ ಯಾರಿಗೆ ಒಪ್ಪುತ್ತದೆ ಅನ್ನೋದು ನೋಡಿ. ಕೆಲಸದ ಕ್ರಮದಲ್ಲೇ ಬೆಳವಣಿಗೆ ಕಾಣುವವರಿಗೆ ಒಪ್ಪುತ್ತದೆ: ಒಂದೇ ಕಡೆ ನಿಂತು ಮೇಲೇರಿದವರು, ಒಂದು ಕ್ಷೇತ್ರದಿಂದ ಪಕ್ಕದ ಕ್ಷೇತ್ರಕ್ಕೆ ಹಂತಹಂತವಾಗಿ ಬಂದವರು. ನಿಮ್ಮದು ಎರಡೂ ಇದೆ, ಹಾಗಾಗಿ ಹಿಡಿಯಬಹುದು.

ಈಗಷ್ಟೇ ಪದವಿ ಮುಗಿಸಿದವರಿಗೆ ಬೇಡ. ಒಂದು ಇಂಟರ್ನ್‌ಶಿಪ್, ಒಂದು ಕಾಲೇಜು, ಎರಡೇ ಚುಕ್ಕಿ; ಗೆರೆ ಖಾಲಿಯಾಗಿ ಕಾಣುತ್ತದೆ. ಅವರು ಪ್ರಾಜೆಕ್ಟ್‌ಗಳನ್ನು ಮುಂದಿಡಲಿ. ಮೂರು ನಾಲ್ಕು ತಿಂಗಳಿಗೊಂದು ಗುತ್ತಿಗೆ ಕೆಲಸ ಮಾಡಿದವರಿಗೂ ಬೇಡ. ಹತ್ತು ಹನ್ನೆರಡು ಚುಕ್ಕಿ ಬಿದ್ದಾಗ ಓದುವವರ ಕಣ್ಣಿಗೆ ಕೆಲಸ ಕಾಣುವುದಿಲ್ಲ, ಬದಲಾವಣೆ ಮಾತ್ರ ಕಾಣುತ್ತದೆ. ಅಂಥವರು ಏಜೆನ್ಸಿಯ ಹೆಸರಿನಲ್ಲಿ ಒಂದೇ ಚುಕ್ಕಿ ಇಟ್ಟು, ಕ್ಲೈಂಟ್ ಕೆಲಸಗಳನ್ನು ಅದರಡಿ ಒಂದೊಂದು ಸಾಲಿನಲ್ಲಿ ಬರೆಯಲಿ.

ದಿನಾಂಕಕ್ಕೆ ತಿಂಗಳೂ ಬೇಕು, ವರ್ಷವೂ ಬೇಕು. "2019 – 2020" ಅಂತ ಬರೆದರೆ ಅದು ಎರಡು ತಿಂಗಳ ಕೆಲಸವೂ ಆಗಬಹುದು, ಎರಡು ವರ್ಷದ್ದೂ ಆಗಬಹುದು. ಓದುವವರು ಕಡಿಮೆ ಅಂತಲೇ ಎಣಿಸುತ್ತಾರೆ. ತಿಂಗಳನ್ನು ಮೂರಕ್ಷರದ ಇಂಗ್ಲಿಷ್ ಹೆಸರಿನಲ್ಲಿ, ವರ್ಷವನ್ನು ನಾಲ್ಕಂಕಿಯಲ್ಲಿ ಬರೆಯಿರಿ. 06/07/2019 ಅನ್ನೋದು ನಮಗೆ ಜುಲೈ 6, ಅಮೆರಿಕದವರಿಗೆ ಜೂನ್ 7. ಎಲ್ಲ ಕಡೆ ಒಂದೇ ರೂಪ ಇರಲಿ.

ಪುಟ_ಕಟ್ಟುವವರು

ಗೆರೆಯ ಉದ್ದವನ್ನು ಕಾಲಕ್ಕೆ ತಕ್ಕಂತೆ ಅಳೆದು ಹಾಕುವ ಟೆಂಪ್ಲೇಟುಗಳಿವೆ. ಅದು ಬೇಡವೇ ಬೇಡ. ಲೆಕ್ಕ ನೋಡಿ. ಎ4 ಪುಟದ ಎತ್ತರ 297 ಮಿ.ಮೀ. ಮೇಲೆ ಕೆಳಗೆ 18 ಮಿ.ಮೀ. ಅಂಚು ಬಿಟ್ಟರೆ 261. ಹೆಸರು, ಸಾರಾಂಶ, ಕೌಶಲಗಳಿಗೆ 60, ಓದಿಗೆ 25 ಹೋದರೆ ಉಳಿಯುವುದು 176. ನಿಮ್ಮ ಒಟ್ಟು ಅವಧಿ ಸುಮಾರು 12 ವರ್ಷ ಅಂದುಕೊಂಡರೆ ವರ್ಷಕ್ಕೆ 14.7 ಮಿ.ಮೀ.

ಇದರಲ್ಲಿ 2013–16ರ ಹಳೇ ಕೆಲಸಕ್ಕೆ 50 ಮಿ.ಮೀ. ಸಿಗುತ್ತದೆ, ಈಗಿನ ಕೆಲಸಕ್ಕೆ 34. ಸಾಲಿಗೆ 4.6 ಮಿ.ಮೀ. ಹಿಡಿದರೆ ಹಳೆಯದಕ್ಕೆ ಹತ್ತು ಹನ್ನೊಂದು ಸಾಲು, ಈಗಿನದಕ್ಕೆ ಏಳು. ಬಿಡುವಿಗೆ 22 ಮಿ.ಮೀ. ಬಿಳಿ ಜಾಗ! ಯಾವುದಕ್ಕೆ ಹೆಚ್ಚು ಜಾಗ ಬೇಕೋ ಅದಕ್ಕೆ ಕಡಿಮೆ ಸಿಕ್ಕಿತು. ಜಾಗ ಹಂಚಬೇಕಾದ್ದು ಕೆಲಸದ ಮಹತ್ವ ನೋಡಿ. ಈಗಿನದಕ್ಕೆ ನಾಲ್ಕೈದು ಅಂಶ, ಅದರ ಹಿಂದಿನದಕ್ಕೆ ಮೂರು ನಾಲ್ಕು, ಎಂಟು ವರ್ಷ ದಾಟಿದ್ದಕ್ಕೆ ಒಂದೋ ಎರಡೋ.

ಅಳತೆಗಳು: ಗೆರೆಯ ಎಡಗಡೆ ಕಾಲಂ 22ರಿಂದ 30 ಮಿ.ಮೀ., ಗೆರೆಯಿಂದ ಅಕ್ಷರಕ್ಕೆ 4 ಮಿ.ಮೀ. ದೂರ, ಗೆರೆ 0.75 ಪಾಯಿಂಟ್, ಅಕ್ಷರ 10ರಿಂದ 10.5 ಪಾಯಿಂಟ್. ಗೆರೆಯ ಬಣ್ಣ ತೀರಾ ತಿಳಿ ಬೂದಿ ಬೇಡ, ಕಪ್ಪು-ಬಿಳುಪು ಪ್ರಿಂಟ್‌ನಲ್ಲಿ ಮಾಯವಾಗುತ್ತದೆ. ಅರ್ಧದಷ್ಟಾದರೂ ಗಾಢ ಇರಲಿ. ಸಂದರ್ಶನಕ್ಕೆ ಕೂರುವವರ ಕೈಯಲ್ಲಿ ಹಲವು ಸಲ ಇರೋದು ಆಫೀಸ್ ಪ್ರಿಂಟರ್‌ನ ಕಪ್ಪು-ಬಿಳುಪು ಪ್ರತಿಯೇ.

ಪಾರ್ಸರ್_ಒಳಗೆ

ಈಗ ಕಲಸಿಹೋಗುವ ವಿಚಾರ. ಪೋರ್ಟಲ್ ನಿಮ್ಮ ಪುಟವನ್ನು ಚಿತ್ರವಾಗಿ ನೋಡುವುದಿಲ್ಲ. ಅದರ ಪಾರ್ಸರ್, ಅಂದರೆ ರೆಸ್ಯೂಮೆ ಓದುವ ತಂತ್ರಾಂಶ, ಫೈಲಿನಿಂದ ಅಕ್ಷರಗಳನ್ನು ಸಾಲಾಗಿ ಹೊರಗೆಳೆದು, ಅದರಲ್ಲಿ ಕಂಪನಿ, ಹುದ್ದೆ, ದಿನಾಂಕ ಹುಡುಕುತ್ತದೆ. ದಿನಾಂಕ ಯಾವ ಕೆಲಸದ ಪಕ್ಕ ಸಿಗುತ್ತದೋ ಆ ಕೆಲಸಕ್ಕೆ ಅಂಟಿಸುತ್ತದೆ. ಟೈಮ್‌ಲೈನ್ ಕೆಡುವುದು ಇಲ್ಲಿಯೇ. ಎಡಗಡೆಯ ದಿನಾಂಕಗಳೆಲ್ಲ ಒಂದು ಟೆಕ್ಸ್ಟ್ ಬಾಕ್ಸ್, ಬಲಗಡೆಯ ಕೆಲಸಗಳೆಲ್ಲ ಇನ್ನೊಂದು ಬಾಕ್ಸ್ ಆಗಿದ್ದರೆ, ಹೊರಗೆ ಬರುವಾಗ ನಾಲ್ಕು ದಿನಾಂಕ ಒಟ್ಟಿಗೆ ಬಂದು, ಆಮೇಲೆ ದಿನಾಂಕವಿಲ್ಲದ ಮೂರು ಕಂಪನಿ ಬರುತ್ತವೆ. ಯಾವುದು ಯಾವುದರದ್ದು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹತ್ತೂವರೆ ವರ್ಷದ ಅನುಭವ ಎರಡು ವರ್ಷ ಅಂತ ದಾಖಲಾಗಬಹುದು.

ಇದೇ ಥರ ಕೈಕೊಡುವ ಇನ್ನೂ ಕೆಲವು: ವರ್ಡ್‌ನ ಹೆಡರ್-ಫೂಟರ್‌ನಲ್ಲಿ ಹಾಕಿದ ಫೋನ್ ನಂಬರನ್ನು ಕೆಲವು ಪಾರ್ಸರ್‌ಗಳು ಓದುವುದೇ ಇಲ್ಲ. ಶೀರ್ಷಿಕೆಯಲ್ಲಿ ಅಂದಕ್ಕೆ ಅಂತ ಅಕ್ಷರ ಅಕ್ಷರದ ನಡುವೆ ಖಾಲಿ ಬಿಟ್ಟರೆ "ಎಕ್ಸ್‌ಪೀರಿಯನ್ಸ್" ಅನ್ನೋ ಪದ ಬಿಡಿ ಅಕ್ಷರಗಳಾಗಿ ಬರುತ್ತದೆ, ವಿಭಾಗವೇ ಗುರುತು ಸಿಗುವುದಿಲ್ಲ. ಡಿಸೈನ್ ತಂತ್ರಾಂಶದಲ್ಲಿ ಅಕ್ಷರವನ್ನು ಔಟ್‌ಲೈನ್ (ಚಿತ್ರದ ಗೆರೆ) ಮಾಡಿ ಪಿಡಿಎಫ್ ತೆಗೆದರೆ ಒಳಗೆ ಅಕ್ಷರವೇ ಇರುವುದಿಲ್ಲ. ಐದರಲ್ಲಿ ನಾಲ್ಕು ಚುಕ್ಕಿ ತುಂಬಿದ ಕೌಶಲದ ಪಟ್ಟಿಯಿಂದ ಯಂತ್ರಕ್ಕೂ ಏನೂ ಸಿಗುವುದಿಲ್ಲ, ಮನುಷ್ಯರಿಗೂ ಸಿಗುವುದಿಲ್ಲ.

ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಹಾಕಿ ಮೇಲಿಂದ ಕೆಳಗೆ ಓದಿ. ಲಿನಕ್ಸ್ ಇದ್ದವರು ಪಾಪ್ಲರ್ ಪ್ಯಾಕೇಜಿನ ಪಿಡಿಎಫ್‌ಟುಟೆಕ್ಸ್ಟ್ ಆಜ್ಞೆಯನ್ನು ಎರಡು ಸಲ ಓಡಿಸಿ, ಒಮ್ಮೆ ಯಾವ ಆಯ್ಕೆಯೂ ಇಲ್ಲದೆ, ಒಮ್ಮೆ "ರಾ" ಆಯ್ಕೆಯಲ್ಲಿ. ಮೊದಲನೆಯದು ಕಾಲಂ ಊಹಿಸಿ ಓದುತ್ತದೆ, ಎರಡನೆಯದು ಫೈಲಿನಲ್ಲಿ ಅಕ್ಷರ ಬರೆದ ಕ್ರಮದಲ್ಲಿ ಓದುತ್ತದೆ. ಪಾರ್ಸರ್‌ಗಳಲ್ಲಿ ಎರಡೂ ಬಗೆಯವು ಇರುವುದರಿಂದ ಎರಡರಲ್ಲೂ ಕೆಲಸ ಮತ್ತು ದಿನಾಂಕ ಜೊತೆಯಲ್ಲೇ ಇರಬೇಕು.

ನೇರ_ಸಾಲು

ಇಷ್ಟೆಲ್ಲ ಕಷ್ಟ ಯಾಕೆ? ಪೋರ್ಟಲ್‌ಗೆ ಸಾದಾ ಒಂದೇ ಕಾಲಮಿನದ್ದು, ಮನುಷ್ಯರ ಕೈಗೆ ಟೈಮ್‌ಲೈನ್‌ನದ್ದು, ಎರಡು ಫೈಲ್ ಇಟ್ಟುಕೊಂಡರೆ ಮುಗಿಯಿತು.

ನೇಮಕಾತಿ_ಮೇಜು

@ನೇರ_ಸಾಲು, ಒಪ್ಪಲು ಕಷ್ಟ. ಎರಡು ಫೈಲ್ ಅಂದರೆ ಎರಡು ಕಡೆ ತಿದ್ದಬೇಕು. ಆರು ತಿಂಗಳಲ್ಲಿ ಒಂದರಲ್ಲಿ ಆಗಸ್ಟ್, ಇನ್ನೊಂದರಲ್ಲಿ ಸೆಪ್ಟೆಂಬರ್ ಆಗಿರುತ್ತದೆ. ಪೋರ್ಟಲ್‌ನಲ್ಲಿ ಒಂದು, ರೆಫರಲ್ ಮೂಲಕ ಇನ್ನೊಂದು ಬಂದು, ಎರಡೂ ಒಂದೇ ಮೇಜಿನ ಮೇಲೆ ಸೇರಿದಾಗ ಪ್ರಶ್ನೆ ಏಳುತ್ತದೆ. ಎರಡೂ ಕಡೆ ನಿಲ್ಲುವ ಒಂದೇ ಫೈಲ್ ಕಟ್ಟುವುದು ಒಳ್ಳೆಯದು.

ದಿನಾಂಕದ ವಿಚಾರ ಭಾರತದಲ್ಲಿ ಇನ್ನೂ ಗಟ್ಟಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ರಿಲೀವಿಂಗ್ ಲೆಟರ್ ಜೊತೆ ಯುಎಎನ್ (ಪಿಎಫ್ ಖಾತೆಗಳಿಗೆ ಕೊಡುವ ಒಂದೇ ಸಂಖ್ಯೆ) ದಾಖಲೆಯನ್ನೂ ನೋಡುತ್ತಾರೆ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಮೆಂಬರ್ ಪೋರ್ಟಲ್‌ನಲ್ಲಿ "ವ್ಯೂ" ಅಡಿ "ಸರ್ವಿಸ್ ಹಿಸ್ಟರಿ" ತೆರೆದರೆ ಪ್ರತಿ ಕಂಪನಿಯ ಸೇರಿದ ದಿನ, ಬಿಟ್ಟ ದಿನ ಕಾಣುತ್ತದೆ. ರೆಸ್ಯೂಮೆ ಬರೆಯುವ ಮುಂಚೆ ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬಿಟ್ಟ ದಿನ ದಾಖಲಾಗದೇ ಇದ್ದರೆ ಹಳೇ ಕೆಲಸ ಇನ್ನೂ ನಡೆಯುತ್ತಿರುವ ಹಾಗೆ ಕಾಣುತ್ತದೆ, ಹೊಸದರ ಜೊತೆ ಎರಡು ಕೆಲಸ ಅನ್ನೋ ಅನುಮಾನ ಬರುತ್ತದೆ. ಅದನ್ನು ಮೊದಲೇ ಸರಿಮಾಡಿಸಿಕೊಳ್ಳಬೇಕು.

ಥರ್ಡ್ ಪಾರ್ಟಿ ಪೇರೋಲ್‌ನಲ್ಲಿದ್ದವರು ಗಮನಿಸಿ: ಚುಕ್ಕಿಯ ಪಕ್ಕ ಬರೆಯಬೇಕಾದ್ದು ಸಂಬಳ ಕೊಟ್ಟ ಕಂಪನಿಯ ಹೆಸರು. ಕ್ಲೈಂಟ್ ಹೆಸರು ಕೆಳಗಿನ ಸಾಲಿನಲ್ಲಿ. ಕ್ಲೈಂಟನ್ನೇ ಉದ್ಯೋಗದಾತ ಅಂತ ಬರೆದರೆ ಪಿಎಫ್ ದಾಖಲೆಯಲ್ಲಿ ಆ ಹೆಸರು ಸಿಗುವುದಿಲ್ಲ, ಆಫರ್ ಅಲ್ಲಿಗೇ ನಿಲ್ಲಬಹುದು.

ವಿಲೀನವಾದ ಕಂಪನಿಗೆ ಈಗಿನ ಹೆಸರು ಮುಂದೆ, "ಆಗ ಇಂಥ ಹೆಸರು" ಅಂತ ಪಕ್ಕದಲ್ಲಿ. ಮೈಂಡ್‌ಟ್ರೀ ಮತ್ತು ಎಲ್ ಅಂಡ್ ಟಿ ಇನ್ಫೋಟೆಕ್ 2022ರ ನವೆಂಬರ್‌ನಲ್ಲಿ ಸೇರಿ ಎಲ್‌ಟಿಐಮೈಂಡ್‌ಟ್ರೀ ಆದ ಹಾಗೆ, ಸತ್ಯಂ 2013ರಲ್ಲಿ ಟೆಕ್ ಮಹೀಂದ್ರಾದಲ್ಲಿ ಸೇರಿದ ಹಾಗೆ. ವಿಲೀನದ ಮೊದಲೊಂದು, ಆಮೇಲೊಂದು ಅಂತ ಎರಡು ಚುಕ್ಕಿ ಹಾಕಬೇಡಿ, ಕೆಲಸ ಬದಲಿಸಿದ ಹಾಗೆ ಕಾಣುತ್ತದೆ.

ಮಲೆನಾಡು_ಫರ್ಮ್‌ವೇರ್

ಬಿಡುವಿಗೆ ಚುಕ್ಕಿ ಇಡಬೇಕಾ? ಮೂರು ಹುದ್ದೆಗೆ ಮೂರು ಚುಕ್ಕಿಯಾ?

ನೇಮಕಾತಿ_ಮೇಜು

ಬಿಡುವನ್ನು ಮುಚ್ಚಿಟ್ಟರೆ ಟೈಮ್‌ಲೈನ್‌ನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ, ಗೆರೆ ಇದ್ದು ಅಕ್ಷರ ಇಲ್ಲದ ಜಾಗ ಅದು. ಒಂದೇ ಸಾಲು ಸಾಕು: "ಸೆಪ್ಟೆಂಬರ್ 2021 – ಫೆಬ್ರವರಿ 2023, ಕುಟುಂಬದ ಆರೈಕೆಗಾಗಿ ವೃತ್ತಿ ಬಿಡುವು". ಆ ಹೊತ್ತಿನಲ್ಲಿ ಸರ್ಟಿಫಿಕೇಟ್ ಏನಾದರೂ ಮಾಡಿದ್ದರೆ ಅದೇ ಸಾಲಿನ ಕೊನೆಗೆ. ಯಾರ ಆರೈಕೆ, ಯಾವ ಕಾಯಿಲೆ ಅನ್ನೋ ವಿವರ ಬೇಕಿಲ್ಲ. ಲಿಂಕ್ಡ್‌ಇನ್ ಕೂಡ 2022ರಿಂದ ವೃತ್ತಿ ಬಿಡುವನ್ನೇ ಒಂದು ನಮೂದಾಗಿ ಹಾಕಲು ಬಿಟ್ಟಿದೆ, ಎರಡೂ ಕಡೆ ಒಂದೇ ತಿಂಗಳು ಇರಲಿ. ಹೆರಿಗೆ ರಜೆಯನ್ನು ಮಾತ್ರ ಬಿಡುವು ಅಂತ ಯಾರೂ ತೋರಿಸಬೇಡಿ. ಅದು ಉದ್ಯೋಗದೊಳಗಿನ ರಜೆ. 2017ರ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದೊಂದಿಗೇ ಇದೆ, ಸೇವೆ ಮುರಿಯುವುದಿಲ್ಲ.

ಮೂರು ಹುದ್ದೆಗೆ: ಕಂಪನಿಗೆ ಒಂದು ಚುಕ್ಕಿ, ಒಟ್ಟು ಅವಧಿಯ ಜೊತೆ. ಅದರಡಿ ಹುದ್ದೆಗಳು ಹೊಸದರಿಂದ ಹಳೆಯದಕ್ಕೆ, ಪ್ರತಿಯೊಂದಕ್ಕೂ ಅದರದ್ದೇ ತಿಂಗಳು-ವರ್ಷ. ಕಂಪನಿಯ ಹೆಸರನ್ನು ಮೂರು ಸಲ ಬರೆದು ಮೂರು ಚುಕ್ಕಿ ಇಟ್ಟರೆ ಅವಸರದಲ್ಲಿ ಓದುವವರು ಮೂರು ಕಂಪನಿ ಅಂದುಕೊಳ್ಳುತ್ತಾರೆ.

ಇನ್ನೊಂದು ಎಚ್ಚರಿಕೆ. ಈ ವಿನ್ಯಾಸದಲ್ಲಿ ತಂತ್ರಜ್ಞಾನ ಮತ್ತು ಇಸವಿ ಅಕ್ಕಪಕ್ಕ ಬರುತ್ತವೆ, ತಪ್ಪು ಬಚ್ಚಿಡಲಾಗುವುದಿಲ್ಲ. ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ನಡೆಸುವ ಕುಬರ್ನೆಟೀಸ್ ಹೊರಬಂದದ್ದು 2014ರಲ್ಲಿ, 1.0 ಆದದ್ದು 2015ರ ಜುಲೈನಲ್ಲಿ. ಆಂಡ್ರಾಯ್ಡ್‌ಗೆ ಕೋಟ್ಲಿನ್ ಭಾಷೆ ಅಧಿಕೃತವಾದದ್ದು 2017ರಲ್ಲಿ, ಆ್ಯಪ್ ಕಟ್ಟುವ ಫ್ಲಟರ್‌ನ 1.0 ಬಂದದ್ದು 2018ರ ಡಿಸೆಂಬರ್‌ನಲ್ಲಿ. 2013ರಲ್ಲಿ ಮುಗಿದ ಕೆಲಸದಡಿ ಕುಬರ್ನೆಟೀಸ್ ಅಂತ ಇದ್ದರೆ ಸಂದರ್ಶಕರು ಮೊದಲ ಪ್ರಶ್ನೆಯನ್ನೇ ಅಲ್ಲಿಂದ ಶುರು ಮಾಡುತ್ತಾರೆ. ಸಾಮಾನ್ಯವಾಗಿ ಇದು ಸುಳ್ಳು ಹೇಳಬೇಕು ಅಂತ ಮಾಡಿದ್ದಲ್ಲ, ಕೌಶಲದ ಪಟ್ಟಿಯನ್ನು ಎಲ್ಲ ಕೆಲಸದಡಿಯೂ ಕಾಪಿ ಮಾಡಿದ್ದರ ಫಲ. ಪ್ರತಿ ಚುಕ್ಕಿಯಡಿ ಆಗ ನಿಜವಾಗಿ ಬಳಸಿದ್ದನ್ನು ಮಾತ್ರ ಬರೆಯಿರಿ.

ಪುಟ_ಕಟ್ಟುವವರು

ಕಟ್ಟುವ ವಿಧಾನ, ವರ್ಡ್‌ನಲ್ಲಿ. ಟೆಕ್ಸ್ಟ್ ಬಾಕ್ಸ್ ಬೇಡ, ಗೆರೆಯನ್ನು ಶೇಪ್ ಆಗಿ ಎಳೆಯುವುದೂ ಬೇಡ. ಮೇಲೆ ಒಂದು ಸಾಲು ಸೇರಿಸಿದರೆ ಅಕ್ಷರ ಕೆಳಗೆ ಸರಿಯುತ್ತದೆ, ಶೇಪ್ ಇದ್ದಲ್ಲೇ ಇರುತ್ತದೆ.

ಎರಡು ಕಾಲಮಿನ ಟೇಬಲ್ ಹಾಕಿ. ಒಂದು ಕೆಲಸಕ್ಕೆ ಒಂದು ರೋ (ಟೇಬಲ್‌ನ ಅಡ್ಡಸಾಲು). ಮುಖ್ಯವಾದದ್ದು ಇದೇ, ಎಲ್ಲ ದಿನಾಂಕವನ್ನೂ ಒಂದೇ ಉದ್ದ ಸೆಲ್‌ಗೆ ತುಂಬಿದರೆ ಮತ್ತೆ ಅದೇ ಕಲಸುಮೇಲೋಗರ. ಟೇಬಲ್‌ನ ಎಲ್ಲ ಬಾರ್ಡರ್ ತೆಗೆದು, ಒಳಗಿನ ನಡು ಗೆರೆ ಒಂದನ್ನು ಮಾತ್ರ 0.75 ಪಾಯಿಂಟ್‌ನಲ್ಲಿ ಉಳಿಸಿ. ನಿಮ್ಮ ಟೈಮ್‌ಲೈನ್ ಗೆರೆ ಅದೇ. ರೋ ಬೆಳೆದಂತೆ ತಾನೇ ಬೆಳೆಯುತ್ತದೆ. ಕೆಲಸಗಳ ನಡುವಿನ ಅಂತರಕ್ಕೆ ಖಾಲಿ ರೋ ಹಾಕಬೇಡಿ, ಬಲ ಸೆಲ್‌ನ ಕೊನೆಯ ಸಾಲಿಗೆ 8 ಪಾಯಿಂಟ್ ಸ್ಪೇಸ್ ಆಫ್ಟರ್ ಕೊಡಿ, ಗೆರೆ ತುಂಡಾಗುವುದಿಲ್ಲ. ಟೇಬಲ್ ಪ್ರಾಪರ್ಟೀಸ್‌ನ ರೋ ಟ್ಯಾಬ್‌ನಲ್ಲಿ "ಅಲೋ ರೋ ಟು ಬ್ರೇಕ್ ಅಕ್ರಾಸ್ ಪೇಜಸ್" ಟಿಕ್ ತೆಗೆದರೆ ಒಂದು ಕೆಲಸ ಎರಡು ಪುಟಕ್ಕೆ ಸೀಳುವುದಿಲ್ಲ. ಚುಕ್ಕಿ ಬೇಡವೆಂದೇ ನನ್ನ ಸಲಹೆ, ದಪ್ಪಕ್ಷರದ ವರ್ಷ ಅದೇ ಕೆಲಸ ಮಾಡುತ್ತದೆ.

ಗೂಗಲ್ ಡಾಕ್ಸ್‌ನಲ್ಲಾದರೆ ಟೇಬಲ್ಲೂ ಬೇಡ. ಪ್ಯಾರಾಗ್ರಾಫ್‌ಗೆ ಎಡಗಡೆ ಬಾರ್ಡರ್ ಕೊಟ್ಟು, ದಿನಾಂಕವನ್ನು ಬಲಕ್ಕೇ ಬರೆದರೆ ಒಂದೇ ಕಾಲಂ ಆಗಿಯೂ ಟೈಮ್‌ಲೈನ್‌ನಂತೆ ಕಾಣುತ್ತದೆ.

ಪಾರ್ಸರ್_ಒಳಗೆ

ಇದಕ್ಕೆ ಒಂದು ಸೇರಿಕೆ, ಬಹಳ ಮುಖ್ಯ. ರೋಗೆ ಒಂದು ಕೆಲಸ ಅಂತ ಹಾಕಿದರೂ, ಕಾಲಂ ಊಹಿಸಿ ಓದುವ ಪಾರ್ಸರ್ ಎಡಗಡೆಯದನ್ನೆಲ್ಲ ಒಂದು ಕಾಲಂ ಅಂದುಕೊಳ್ಳಬಹುದು. ಹಾಗಾಗಿ ಗೆರೆಯ ಎಡಕ್ಕೆ ಶುರುವಾದ ವರ್ಷ ಮಾತ್ರ ಇಡಿ. ಪೂರ್ತಿ ತಿಂಗಳು-ವರ್ಷವನ್ನು ಬಲಗಡೆ, ಹುದ್ದೆ-ಕಂಪನಿಯ ಸಾಲಿನಲ್ಲೇ ಬರೆಯಿರಿ. ಎಡಗಡೆಯದು ಕಣ್ಣಿಗೆ, ಬಲಗಡೆಯದು ದಾಖಲೆಗೆ. ಎಡದ ಕಾಲಂ ಚೆಲ್ಲಾಪಿಲ್ಲಿಯಾದರೂ ಪ್ರತಿ ಕೆಲಸದ ದಿನಾಂಕ ಅದರ ಜೊತೆಗೇ ಉಳಿಯುತ್ತದೆ. ಅಲ್ಲಿ ನಾಲ್ಕಂಕಿ ಸಾಕಾಗುವುದರಿಂದ ಕಾಲಂ 15 ಮಿ.ಮೀ.ಗೆ ಇಳಿದು ಬಲಕ್ಕೆ ಜಾಗವೂ ಹೆಚ್ಚುತ್ತದೆ.

ಪಿಡಿಎಫ್ ಮಾಡುವಾಗ "ಪ್ರಿಂಟ್ ಟು ಪಿಡಿಎಫ್" ಬಳಸಬೇಡಿ. "ಸೇವ್ ಆ್ಯಸ್" ಮೂಲಕ ಹೋಗಿ, ಆಪ್ಷನ್ಸ್‌ನಲ್ಲಿ "ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆಕ್ಸೆಸಿಬಿಲಿಟಿ" ಟಿಕ್ ಇರಲಿ. ಓದುವ ಕ್ರಮ ಫೈಲಿನೊಳಗೇ ದಾಖಲಾಗುತ್ತದೆ. ಸ್ಕ್ರೀನ್ ರೀಡರ್ ಬಳಸಿ ಓದುವ ಎಚ್‌ಆರ್‌ಗಳೂ ಇದ್ದಾರೆ, ಅವರಿಗೂ ಇದು ಬೇಕು.

ನೇರ_ಸಾಲು

ಹೀಗೆ ಕಟ್ಟಿದರೆ ಒಂದೇ ಫೈಲ್ ಸಾಕು, ಒಪ್ಪಿದೆ. ಆದರೂ ಟೇಬಲ್ಲನ್ನೇ ಸರಿಯಾಗಿ ಓದದ ಹಳೇ ಪೋರ್ಟಲ್‌ಗಳಿವೆ. ಅಪ್‌ಲೋಡ್ ಆದ ಮೇಲೆ ಪೋರ್ಟಲ್ ತಾನೇ ತುಂಬಿದ ಫಾರಂ ತೋರಿಸುತ್ತದಲ್ಲ, ಅದನ್ನು ಓದದೆ ಸಬ್ಮಿಟ್ ಒತ್ತಬೇಡಿ. ಎಚ್‌ಆರ್ ಫಿಲ್ಟರ್ ಹಾಕುವುದು ಆ ಫಾರಂ ಮೇಲೆ, ನಿಮ್ಮ ಪಿಡಿಎಫ್ ಮೇಲಲ್ಲ.

ಪೀಣ್ಯ_ಟೂಲ್‌ರೂಮ್

ಸಾಫ್ಟ್‌ವೇರ್ ಬಿಟ್ಟು ಬೇರೆಯವರೂ ಓದುತ್ತಿರಬಹುದು. ಐಟಿಐ, ಡಿಪ್ಲೊಮಾ, ಟೂಲ್ ಅಂಡ್ ಡೈ ಮಾಡಿದವರ ರೆಸ್ಯೂಮೆ ಹೋಗುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ, ತೆರೆಯುವುದು ಸೂಪರ್‌ವೈಸರ್ ಫೋನಿನಲ್ಲಿ. ಎ4 ಪುಟ ಆ ಪರದೆಯಲ್ಲಿ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಎರಡು ಅಗಲ ಕಾಲಂ ಇದ್ದರೆ ಪಕ್ಕಕ್ಕೆ ಎಳೆದೆಳೆದು ಓದಬೇಕು. ಎಡಕ್ಕೆ ವರ್ಷ ಮಾತ್ರ ಇರುವ ಕಿರಿದಾದ ಗೆರೆ ಇಲ್ಲೂ ಅನುಕೂಲ. ಒಂದೇ ಪುಟ. ಅಪ್ರೆಂಟಿಸ್‌ಶಿಪ್‌ಗೆ ಅದರದ್ದೇ ಚುಕ್ಕಿ ಇರಲಿ, ಅದನ್ನು ಓದಿನ ಪಟ್ಟಿಯಲ್ಲಿ ಹೂತುಹಾಕಬೇಡಿ. ಪ್ರತಿ ಕೆಲಸದಡಿ ಯಂತ್ರ, ಕಂಟ್ರೋಲರ್, ಹಿಡಿದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸದ ಮಿತಿ) ಬರೆಯಿರಿ: ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ), ಫಾನುಕ್ ಕಂಟ್ರೋಲರ್, 20 ಮೈಕ್ರಾನ್ ಒಳಗೆ, ಹೀಗೆ. ಬ್ರೌಸಿಂಗ್ ಸೆಂಟರ್‌ಗೆ ವರ್ಡ್ ಫೈಲ್ ಒಯ್ದರೆ ಅಲ್ಲಿಯ ಬೇರೆ ಆವೃತ್ತಿಯಲ್ಲಿ ಫಾಂಟ್ ಬದಲಾಗಿ ಎರಡನೇ ಪುಟಕ್ಕೆ ಹರಿಯುತ್ತದೆ, ಪಿಡಿಎಫ್ ಒಯ್ಯಿರಿ.

ಮ್ಯೂನಿಕ್_ಕನ್ನಡ

ಜರ್ಮನಿಗೆ ಹಾಕುವವರಿಗೆ: ಇಲ್ಲಿ ರೂಢಿಯಲ್ಲಿರುವುದೇ ಕೋಷ್ಟಕದ ಲೆಬೆನ್ಸ್‌ಲಾಫ್ (ಇಲ್ಲಿಯ ರೆಸ್ಯೂಮೆ), ಎಡಕ್ಕೆ ತಿಂಗಳು-ವರ್ಷ, ಬಲಕ್ಕೆ ಕೆಲಸ, ಹೊಸದು ಮೇಲೆ. ಹಾಗಾಗಿ ಟೈಮ್‌ಲೈನ್ ಇಲ್ಲಿ ಅಪರಿಚಿತವಲ್ಲ, ಆದರೆ ಅಲಂಕಾರ ಕಡಿಮೆ ಇರಬೇಕು. ಖಾಲಿ ಬಿಟ್ಟ ತಿಂಗಳುಗಳ ಬಗ್ಗೆ ಇಲ್ಲಿ ಖಂಡಿತ ಕೇಳುತ್ತಾರೆ, ಬಿಡುವಿನ ಸಾಲು ಬಿಡಬೇಡಿ. ಫೋಟೊ ಹಾಕುವ ರೂಢಿ ಇನ್ನೂ ಇದೆ, ಆದರೆ 2006ರ ಸಮಾನ ನಡವಳಿಕೆ ಕಾನೂನು ಬಂದ ಮೇಲೆ ಅದು ಕಡ್ಡಾಯವಲ್ಲ. ಕೊನೆಗೆ ಊರು, ದಿನಾಂಕ, ಸಹಿ ಹಾಕುವುದೂ ಹಳೇ ಪದ್ಧತಿ. ಅಮೆರಿಕಕ್ಕಾದರೆ ಫೋಟೊ, ಹುಟ್ಟಿದ ದಿನ, ತಂದೆ ಹೆಸರು ಯಾವುದೂ ಬೇಡ; ಕಾಗದ 215.9 × 279.4 ಮಿ.ಮೀ. ಲೆಟರ್ ಅಳತೆ, ಎ4ಗಿಂತ ಸುಮಾರು 18 ಮಿ.ಮೀ. ಗಿಡ್ಡ. ಎ4ನಲ್ಲಿ ತುದಿಯವರೆಗೆ ತುಂಬಿದ ಪುಟ ಅಲ್ಲಿ ಕೊನೆಯ ಮೂರು ನಾಲ್ಕು ಸಾಲನ್ನು ಮುಂದಿನ ಪುಟಕ್ಕೆ ತಳ್ಳುತ್ತದೆ.

ಮಲೆನಾಡು_ಫರ್ಮ್‌ವೇರ್

ರೋಗೊಂದು ಕೆಲಸ, ಎಡಕ್ಕೆ ವರ್ಷ, ಬಲಕ್ಕೆ ಪೂರ್ತಿ ದಿನಾಂಕ, ಹಾಗೇ ಕಟ್ಟಿದ್ದಾಯಿತು. ಎರಡೂ ಬಗೆಯಲ್ಲಿ ಅಕ್ಷರ ತೆಗೆದು ನೋಡಿದರೆ ದಿನಾಂಕ ಎಲ್ಲ ಸರಿಯಾದ ಕೆಲಸದ ಜೊತೆಗಿದೆ. ಒಂದೇ ತೊಂದರೆ: ಇಂಗ್ಲಿಷಿನ "ಫರ್ಮ್‌ವೇರ್", "ವೈಫೈ" ಪದಗಳಲ್ಲಿ ಎಫ್-ಐ ಇರುವ ಜಾಗದಲ್ಲಿ ಒಂದು ಚೌಕ ಬರುತ್ತಿದೆ.

ಪಾರ್ಸರ್_ಒಳಗೆ

ಅದು ಲಿಗೇಚರ್. ಎಫ್ ಮತ್ತು ಐ ಸೇರಿ ಒಂದೇ ಅಚ್ಚಿನ ಅಕ್ಷರವಾಗಿದೆ, ಹೊರಗೆಳೆದಾಗ ಎರಡಾಗಿ ಬಿಚ್ಚುತ್ತಿಲ್ಲ. ನಿಮ್ಮ ರೆಸ್ಯೂಮೆಗೆ ಇದು ದೊಡ್ಡ ನಷ್ಟ, "ಫರ್ಮ್‌ವೇರ್" ಅಂತ ಹುಡುಕುವವರಿಗೆ ನೀವು ಸಿಗುವುದೇ ಇಲ್ಲ. ವರ್ಡ್‌ನಲ್ಲಿ ಎಲ್ಲ ಸೆಲೆಕ್ಟ್ ಮಾಡಿ, ಫಾಂಟ್ ಡಯಲಾಗ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಲಿಗೇಚರ್ಸ್ "ನನ್" ಮಾಡಿ. ಅಷ್ಟಕ್ಕೂ ಹೋಗದಿದ್ದರೆ ಫಾಂಟ್ ಬದಲಿಸಿ. ಲೇಟೆಕ್ (ಆಜ್ಞೆ ಬರೆದು ಪುಟ ಕಟ್ಟುವ ತಂತ್ರಾಂಶ) ಬಳಸುವವರು ಪಿಡಿಎಫ್‌ಲೇಟೆಕ್‌ನಲ್ಲಿ ಗ್ಲಿಫ್‌ಟುಯೂನಿಕೋಡ್ ಕಡತವನ್ನು ಇನ್‌ಪುಟ್ ಮಾಡಿ, ಪಿಡಿಎಫ್‌ಜೆನ್‌ಟುಯೂನಿಕೋಡ್ ಬೆಲೆಯನ್ನು 1 ಇಡಬೇಕು. ಲೇಟೆಕ್‌ನ ರೆಸ್ಯೂಮೆ ಟೆಂಪ್ಲೇಟಾದ ಮಾಡರ್ನ್‌ಸಿವಿಯ ಕ್ಲಾಸಿಕ್ ಶೈಲಿಯಲ್ಲಿ ದಿನಾಂಕ ಎಡಕ್ಕೇ ಬರುವುದರಿಂದ ಅವರೂ ಬಲಗಡೆ ಇನ್ನೊಮ್ಮೆ ಬರೆಯುವುದು ಕ್ಷೇಮ.

ಮತ್ತೆ ಪಿಡಿಎಫ್ ತೆಗೆದು, ಅದರೊಳಗೆ ಕಂಟ್ರೋಲ್-ಎಫ್ ಒತ್ತಿ "ಫರ್ಮ್‌ವೇರ್" ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಪುಟದಲ್ಲಿ ಎಷ್ಟು ಸಲ ಬರೆದಿದ್ದೀರೋ ಅಷ್ಟೂ ಸಲ ಸಿಕ್ಕರೆ ಕಳಿಸಬಹುದು.